ರಾತ್ರಿ ಎಂಟರ ಫೋನು

ನನ್ನ ತಂಗಿಗೆ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್, ಅಂದರೆ ಆಸ್ಪತ್ರೆಗಳಲ್ಲಿ ಚಿಕ್ಕದಾಗಿ ಬಿಪಿಡಿ ಎನ್ನುವ ಕಾಯಿಲೆ, ಇದೆಯೆಂದು ಗೊತ್ತಾದಾಗ ಅವಳು ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದಳು. ತಂದೆತಾಯಿ ಹಾಸನದಲ್ಲಿದ್ದಾರೆ. ನಾನು ಮದುವೆಯಾಗಿ ಮೈಸೂರಿನಲ್ಲಿ ನೆಲೆಸಿ, ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೇನೆ. ಮನಸ್ಸಿನ ಕಾಯಿಲೆಗಳ ಲಕ್ಷಣ, ಚಿಕಿತ್ಸೆಗಳನ್ನು ಕುರಿತು ಕನ್ನಡದಲ್ಲಿ ಒಂದಿಷ್ಟು ಓದಲು ಸಿಗುತ್ತದೆ. ಆದರೆ ಇಂಥ ಕಾಯಿಲೆಯವರನ್ನು ನೋಡಿಕೊಳ್ಳುವ ತಾಯಿ, ತಂದೆ, ಅಕ್ಕ, ಭಾವ ಇವರೆಲ್ಲ ಏನನ್ನು ಅನುಭವಿಸುತ್ತಾರೆ, ಅವರಿಗೆ ಯಾರು ಏನನ್ನು ಹೇಳಿಕೊಡಬೇಕು ಎಂಬುದನ್ನು ಬರೆದವರು ಕಡಿಮೆ. ನಾವು ಹಾದುಬಂದದ್ದನ್ನು ಬರೆಯಲೇ ಎಂದು ತಂಗಿಯನ್ನು ಕೇಳಿದೆ. ಅವಳು ಒಪ್ಪಿದಳು, ಬರೆದದ್ದನ್ನು ಪೂರ್ತಿ ಓದಿದಳು, ಬೇಡವೆನಿಸಿದ ಕೆಲವು ಭಾಗಗಳನ್ನು ಹೊಡೆದುಹಾಕಿದಳು. ಉಳಿದದ್ದು ಇದು.

ಕಾಯಿಲೆಗೆ ಹೆಸರು ಸಿಗುವುದಕ್ಕೆ ಮೊದಲಿನ ವರ್ಷಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಿಕ್ಕಂದಿನಿಂದಲೂ ಅವಳು ಬೇಗ ನೊಂದುಕೊಳ್ಳುವ, ನೊಂದರೆ ಬೇಗ ಸಮಾಧಾನವಾಗದ ಹುಡುಗಿ. ಪಿಯುಸಿಗೆ ಬಂದ ಮೇಲೆ ಗೆಳತಿಯೊಬ್ಬಳು ಒಂದು ಸಂಜೆ ಮಾತನಾಡಿಸದೆ ಹೋದರೆ ಸಾಕು, ತಾನು ಯಾರಿಗೂ ಬೇಡವಾದೆ ಎಂದು ಊಟ ಬಿಡುತ್ತಿದ್ದಳು. ಬಂಧುಗಳು ಹಟಮಾರಿ ಎಂದರು, ಜಾತಕ ತೋರಿಸಿ ಶಾಂತಿ ಮಾಡಿಸಿದರು, ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದರು. ಒಬ್ಬ ವೈದ್ಯರು ಖಿನ್ನತೆ ಎಂದು ಮಾತ್ರೆ ಕೊಟ್ಟರು. ಇನ್ನೊಬ್ಬರು ಬೈಪೋಲಾರ್ ಎಂದು ಬರೆದರು. ಬೈಪೋಲಾರ್ ಕಾಯಿಲೆಯಲ್ಲಿ ಮನಸ್ಸಿನ ಏರಿಳಿತ ದಿನಗಟ್ಟಲೆ, ವಾರಗಟ್ಟಲೆ ಇರುತ್ತದೆ. ತಂಗಿಯ ಮನಸ್ಸಾದರೋ ಒಂದೇ ದಿನದೊಳಗೆ ಗಂಟೆಗಂಟೆಗೆ ಬದಲಾಗುತ್ತಿತ್ತು, ಮತ್ತು ಪ್ರತಿ ಬದಲಾವಣೆಯ ಹಿಂದೆಯೂ ಯಾರೋ ಆಡಿದ ಒಂದು ಮಾತು, ಯಾರೋ ಎತ್ತದ ಒಂದು ಫೋನು ಇರುತ್ತಿತ್ತು. ಇದನ್ನು ಅಮ್ಮ ಚೆನ್ನಾಗಿ ಗಮನಿಸಿದ್ದರು. ಹೊರರೋಗಿ ವಿಭಾಗದ ಹತ್ತು ನಿಮಿಷಗಳಲ್ಲಿ ಅಮ್ಮನನ್ನು ಕೇಳುವಷ್ಟು ಬಿಡುವು ಯಾರಿಗೂ ಇರಲಿಲ್ಲ.

ಹಾಸ್ಟೆಲಿನ ವಾರ್ಡನ್ ಒಂದು ರಾತ್ರಿ ಫೋನು ಮಾಡಿ, ತಂಗಿ ಪ್ರಾಣ ಕಳೆದುಕೊಳ್ಳಲು ಪ್ರಯತ್ನಿಸಿದಳೆಂದೂ ಅವಳನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿರುವುದಾಗಿಯೂ ತಿಳಿಸಿದರು. ತುರ್ತು ವಿಭಾಗದಲ್ಲಿ ನಮ್ಮನ್ನು ಮೊದಲು ಕೇಳಿದ್ದು ಎಂಎಲ್‌ಸಿ ಬಗ್ಗೆ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣವೆಂದು ದಾಖಲಿಸುವ ಬಗ್ಗೆ. ಅಪ್ಪ ಅಲ್ಲಿಯೇ ಕುಸಿದು ಕುಳಿತರು. ಮಗಳ ಮೇಲೆ ಕೇಸು ಬೀಳುತ್ತದೆ, ಪಾಸ್‌ಪೋರ್ಟು, ಕೆಲಸ, ಮದುವೆ ಎಲ್ಲದಕ್ಕೂ ಅಡ್ಡಿಯಾಗುತ್ತದೆ ಎಂಬ ಭಯ ಅವರನ್ನು ಎಷ್ಟು ಹಿಡಿದಿತ್ತೆಂದರೆ, ಅವಳು ಉಳಿಯುತ್ತಾಳೋ ಇಲ್ಲವೋ ಎಂಬ ಭಯವನ್ನು ಬಾಯಿಬಿಟ್ಟು ಹೇಳಲೂ ಅವರಿಗೆ ಆಗಲಿಲ್ಲ. ಕರ್ತವ್ಯದಲ್ಲಿದ್ದ ಕಿರಿಯ ವೈದ್ಯೆಯೊಬ್ಬರು ಅಪ್ಪನನ್ನು ಪಕ್ಕಕ್ಕೆ ಕರೆದು ಕಾನೂನನ್ನು ವಿವರಿಸಿದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂದಿತು. ಅದರ 115ನೆಯ ಸೆಕ್ಷನ್ನಿನ ಪ್ರಕಾರ, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ವಿಚಾರಣೆಗೆ ಗುರಿಪಡಿಸಿ ಶಿಕ್ಷಿಸುವಂತಿಲ್ಲ, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯಂತೂ ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೆಯ ಸೆಕ್ಷನ್ನೇ ಇಲ್ಲ. ಸರ್ಕಾರಿ ನೌಕರನನ್ನು ಕರ್ತವ್ಯದಲ್ಲಿ ಬಲವಂತಪಡಿಸುವ ಅಥವಾ ತಡೆಯುವ ಉದ್ದೇಶದಿಂದ ಮಾಡುವ ಪ್ರಯತ್ನ ಮಾತ್ರ ಈಗ ಅಪರಾಧ. ಇಷ್ಟನ್ನು ಮೊದಲೇ ತಿಳಿದಿದ್ದರೆ ಅಪ್ಪನ ಆ ರಾತ್ರಿಯ ಅರ್ಧದಷ್ಟು ಸಂಕಟವಾದರೂ ತಪ್ಪುತ್ತಿತ್ತು. ಅದೇ ವಿಭಾಗದಲ್ಲಿ ಇನ್ನೊಬ್ಬ ಸಿಬ್ಬಂದಿ, ತಂಗಿಗೆ ಕೇಳಿಸುವಂತೆ, "ಇವೆಲ್ಲ ಗಮನ ಸೆಳೆಯೋ ನಾಟಕ" ಎಂದರು. ಆ ಮಾತು ಅವಳ ಮನಸ್ಸಿನಲ್ಲಿ ಈಗಲೂ ಉಳಿದಿದೆ.

ಮನೋವೈದ್ಯಕೀಯ ವಾರ್ಡಿಗೆ ಸೇರಿಸಿದ ಮೇಲೆ ನಮಗೆ "ಪೇಷೆಂಟ್ ಅಟೆಂಡರ್" ಎಂಬ ಹೊಸ ಹೆಸರು ಬಂದಿತು. ನಮ್ಮ ದೇಶದ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಮನೆಯವರೊಬ್ಬರು ಇರಲೇಬೇಕು, ಮತ್ತು ಈ ಪದ್ಧತಿಗೆ ಗೌರವದ ಚರಿತ್ರೆಯೇ ಇದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರ್ ಅವರು ರೋಗಿಗಳ ಮನೆಯವರನ್ನು ಆವರಣದಲ್ಲಿಯೇ ಡೇರೆ ಹಾಕಿಸಿ ಉಳಿಸಿಕೊಂಡು, ಅವರನ್ನೂ ಚಿಕಿತ್ಸೆಯಲ್ಲಿ ಪಾಲುದಾರರನ್ನಾಗಿ ಮಾಡಿದ್ದರು. ಅವರು ಮನೆಯವರಿಗೆ ಕಾಯಿಲೆಯನ್ನು ವಿವರಿಸುತ್ತಿದ್ದರು. ನಾವಿದ್ದ ಕಡೆ ಹೊಣೆ ಮಾತ್ರ ನಮ್ಮದಾಯಿತು, ವಿವರಣೆ ಬರಲಿಲ್ಲ. ರಾತ್ರಿ ನಿದ್ದೆ ಮಾಡಬೇಡಿ, ಬಾತ್‌ರೂಮಿನ ಚಿಲಕ ಹಾಕಲು ಬಿಡಬೇಡಿ, ಮಾತ್ರೆ ನುಂಗಿದ್ದನ್ನು ನೋಡಿ ಎಂದರು. ಅವಳು ನಡುರಾತ್ರಿ ಎದ್ದು "ನನ್ನನ್ನು ಇಲ್ಲಿಂದ ಕರ್ಕೊಂಡು ಹೋಗು, ಇಲ್ಲದಿದ್ರೆ ನೀನು ನನ್ನ ಅಮ್ಮನೇ ಅಲ್ಲ" ಎಂದಾಗ ಏನೆಂದು ಉತ್ತರಿಸಬೇಕೆಂದು ಅಮ್ಮನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಐದು ಮಾತ್ರೆಗಳ ಹೆಸರಿತ್ತು, ಮುಂದಿನ ಭೇಟಿಯ ದಿನಾಂಕವಿತ್ತು, ನಮಗಾಗಿ ಒಂದು ಸಾಲೂ ಇರಲಿಲ್ಲ.

ಕಾಯಿಲೆಯನ್ನು ಸರಿಯಾಗಿ ಗುರುತಿಸಿದವರು ನಂತರ ಬೆಂಗಳೂರಿನಲ್ಲಿ ನೋಡಿದ ಮನೋವೈದ್ಯರು. ಅವರು ತಂಗಿಯೊಡನೆ ಬೇರೆಯಾಗಿ, ನಮ್ಮೊಡನೆ ಬೇರೆಯಾಗಿ, ಕೊನೆಗೆ ಎಲ್ಲರನ್ನೂ ಕೂರಿಸಿಕೊಂಡು ಮಾತನಾಡಿದರು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಈ ಕಾಯಿಲೆಗೆ 1980ರಲ್ಲಿ ಸ್ಥಾನ ಸಿಕ್ಕಿತೆಂದೂ, ಅಲ್ಲಿ ಪಟ್ಟಿಮಾಡಿರುವ ಒಂಬತ್ತು ಲಕ್ಷಣಗಳಲ್ಲಿ ಐದಾದರೂ ದೀರ್ಘಕಾಲದಿಂದ ಇದ್ದರೆ ಬಿಪಿಡಿ ಎಂದು ನಿರ್ಧರಿಸುತ್ತಾರೆಂದೂ ತಿಳಿಸಿ, ಆ ಒಂಬತ್ತನ್ನೂ ಓದಿ ಹೇಳಿದರು: ಕೈಬಿಟ್ಟುಹೋಗುತ್ತಾರೆಂಬ ಭಯ, ಒಬ್ಬರನ್ನೇ ಇಂದು ಆಕಾಶಕ್ಕೇರಿಸಿ ನಾಳೆ ದ್ವೇಷಿಸುವ ಸಂಬಂಧಗಳು, ತಾನು ಯಾರೆಂಬುದೇ ನಿಲುಕದಿರುವುದು, ದುಡುಕು, ತನ್ನನ್ನು ತಾನೇ ನೋಯಿಸಿಕೊಳ್ಳುವುದು, ಕ್ಷಣಕ್ಷಣಕ್ಕೆ ಬದಲಾಗುವ ಭಾವ, ಸದಾ ಕಾಡುವ ಬರಿದುತನ, ತಡೆಯಲಾಗದ ಸಿಟ್ಟು, ಒತ್ತಡ ಹೆಚ್ಚಾದಾಗ ಸುತ್ತಲಿನವರ ಮೇಲೆ ಸಂಶಯ ಅಥವಾ ತನ್ನಿಂದ ತಾನೇ ದೂರವಾದಂತೆ ಅನ್ನಿಸುವುದು. ತಂಗಿ ಕೇಳುತ್ತಾ ಕೇಳುತ್ತಾ ಅತ್ತಳು. "ನಾನು ಕೆಟ್ಟವಳು ಅಂದ್ಕೊಂಡಿದ್ದೆ" ಎಂದಳು. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ನಾವು ಬೆಳೆಸಿದ್ದರಲ್ಲಿ ಏನು ಕಮ್ಮಿಯಾಯ್ತು ಡಾಕ್ಟ್ರೇ?"

ಈ ಪ್ರಶ್ನೆಗೆ ಅವರು ಕೊಟ್ಟ ಉತ್ತರವನ್ನು ಕೊಂಚ ವಿವರವಾಗಿ ಬರೆಯಬೇಕು, ಏಕೆಂದರೆ ಇಂಥ ಮಕ್ಕಳ ತಾಯಂದಿರೆಲ್ಲ ಇದೇ ಪ್ರಶ್ನೆಯನ್ನು ಹೊತ್ತು ತಿರುಗುತ್ತಾರೆ. ಈ ಕಾಯಿಲೆಗೆಂದೇ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಅಂದರೆ ಡಿಬಿಟಿ, ಎಂಬ ಚಿಕಿತ್ಸೆಯನ್ನು ರೂಪಿಸಿದವರು ಅಮೆರಿಕದ ಮಾರ್ಷಾ ಲೈನ್‌ಹನ್. ಅವರ ಪ್ರಕಾರ ಕೆಲವರು ಹುಟ್ಟಿನಿಂದಲೇ ಭಾವನೆಗಳ ವಿಷಯದಲ್ಲಿ ಬಹಳ ಸೂಕ್ಷ್ಮವಾಗಿರುತ್ತಾರೆ: ಸಣ್ಣದಕ್ಕೂ ಮನಸ್ಸು ಕಲಕುತ್ತದೆ, ಜೋರಾಗಿ ಕಲಕುತ್ತದೆ, ತಿಳಿಯಾಗಲು ಬಹಳ ಹೊತ್ತು ಹಿಡಿಯುತ್ತದೆ. ಮೈಯ ಬಹುಭಾಗ ಸುಟ್ಟುಹೋದವರಿಗೆ ಹಗುರವಾದ ಸ್ಪರ್ಶವೂ ಹೇಗೆ ಯಾತನೆಯೋ ಹಾಗೆ ಎಂದು ಅವರು ಹೇಳಿದ್ದಾರೆ. ಅಂಥ ಮಗುವಿಗೆ ಸುತ್ತಲಿನವರು "ಇದರಲ್ಲೇನಿದೆ ಅಳೋದಕ್ಕೆ" ಎನ್ನುತ್ತಾ ಬಂದರೆ, ತನಗಾಗುತ್ತಿರುವುದನ್ನು ನಂಬುವುದನ್ನೂ ಸಂಭಾಳಿಸುವುದನ್ನೂ ಅದು ಕಲಿಯುವುದಿಲ್ಲ. ಹಾಗೆ ಹೇಳುವವರು ಕ್ರೂರಿಗಳೇ ಆಗಿರಬೇಕಿಲ್ಲ. ಆ ಮಗುವಿಗೆ ಆಗುವಷ್ಟು ನೋವು ತಮಗೆ ಆಗದಿರುವುದರಿಂದ ಅವರಿಗೆ ಅದು ತಿಳಿಯುವುದಿಲ್ಲ, ಅಷ್ಟೇ. ಮನೆಯೊಳಗಿನ ಹಿಂಸೆ, ದೌರ್ಜನ್ಯ ಕೆಲವರ ಬದುಕಿನಲ್ಲಿ ಕಾರಣವಾಗಿರುತ್ತವೆ, ಎಲ್ಲರ ಬದುಕಿನಲ್ಲಿಯೂ ಅಲ್ಲ ಎಂದು ವೈದ್ಯರು ಸ್ಪಷ್ಟವಾಗಿ ಹೇಳಿದರು.

ಆಮೇಲೆ ಅವರು ಹೇಳಿದ ಒಂದು ಸಂಗತಿ ಅಮ್ಮನ ಪಾಲಿಗೆ ಔಷಧವೇ ಆಯಿತು. ಮನೆಯವರು ರೋಗಿಯನ್ನು ಅತಿಯಾಗಿ ಹಚ್ಚಿಕೊಂಡರೆ ಸ್ಕಿಜೋಫ್ರೇನಿಯಾದಂಥ ಕಾಯಿಲೆ ಮತ್ತೆ ಮರುಕಳಿಸುವ ಸಂಭವ ಹೆಚ್ಚೆಂದು ಹಿಂದಿನ ಅಧ್ಯಯನಗಳು ಕಂಡುಕೊಂಡಿದ್ದವು. ಆದರೆ ಜಿಲ್ ಹೂಲಿ ಮತ್ತು ಪೆರಿ ಹಾಫ್‌ಮನ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಪಿಡಿ ಇರುವವರಿಗೆ ಇದು ತಿರುವುಮುರುವಾಗಿತ್ತು: ಮನೆಯವರು ಹೆಚ್ಚು ಹಚ್ಚಿಕೊಂಡಿದ್ದವರ ಸ್ಥಿತಿಯೇ ಮುಂದಿನ ಒಂದು ವರ್ಷದಲ್ಲಿ ಉತ್ತಮವಾಗಿತ್ತು. ಅದು 35 ರೋಗಿಗಳ ಸಣ್ಣ ಅಧ್ಯಯನ, ಅದರಿಂದ ಎಲ್ಲವನ್ನೂ ತೀರ್ಮಾನಿಸಲಾಗದು. ಆದರೂ "ನೀನು ಅತಿಯಾಗಿ ಮುದ್ದು ಮಾಡಿ ಕೆಡಿಸಿದೆ" ಎಂಬ ಮಾತನ್ನು ನೆಂಟರಿಂದ ವರ್ಷಗಟ್ಟಲೆ ಕೇಳಿದ್ದ ಅಮ್ಮ ಅಂದು ಮೊದಲ ಬಾರಿಗೆ ತಲೆಯೆತ್ತಿ ಕುಳಿತದ್ದನ್ನು ನಾನು ನೋಡಿದೆ.

ಮಾತ್ರೆಗಳ ವಿಚಾರ ಬೇಗ ಮುಗಿಸುತ್ತೇನೆ. ಬಿಪಿಡಿಗೆಂದೇ ಮಂಜೂರಾದ ಔಷಧ ಯಾವುದೂ ಇಲ್ಲ. ಜೊತೆಗಿರುವ ಖಿನ್ನತೆ, ಆತಂಕ, ನಿದ್ದೆಯಿಲ್ಲದಿರುವುದು ಇವುಗಳಿಗೆ ಮಾತ್ರೆ ಕೊಡುತ್ತಾರೆ. ಐದು ಮಾತ್ರೆಗಳು ನಿಧಾನವಾಗಿ ಎರಡಕ್ಕೆ ಇಳಿದವು. ಮುಖ್ಯ ಚಿಕಿತ್ಸೆ ಮಾತಿನದು, ಮತ್ತು ಅದು ದೀರ್ಘವಾದದ್ದು.

ಇನ್ನು ಮನೆಯ ವಿಚಾರ. ಬಿಕ್ಕಟ್ಟಿನ ರಾತ್ರಿಗಳು ಎಷ್ಟೇ ಭಯಂಕರವಾಗಿದ್ದರೂ ಮುಗಿಯುತ್ತವೆ. ಮನೆಯವರನ್ನು ನಿಜವಾಗಿ ಸವೆಸುವುದು ನಡುವಿನ ದಿನಗಳು, ಏನೂ ಆಗದಿದ್ದರೂ ಏನಾದರೂ ಆಗಬಹುದೆಂದು ಕಾಯುತ್ತಲೇ ಇರುವ ದಿನಗಳು. ಅಮ್ಮ ಹಾಸನದ ಮನೆಯ ನಡುಮನೆಯಲ್ಲಿ, ತಂಗಿಯ ಕೋಣೆಯ ಬಾಗಿಲು ಕಾಣುವಂತೆ ಹಾಸಿಕೊಂಡು ಮಲಗುತ್ತಿದ್ದರು. ನಲ್ಲಿಯ ಸದ್ದು ಸ್ವಲ್ಪ ಹೆಚ್ಚು ಹೊತ್ತು ಕೇಳಿಸಿದರೆ ಎದ್ದು ಕೂರುತ್ತಿದ್ದರು. ಅಪ್ಪನಿಗೆ ರಕ್ತದೊತ್ತಡ ಏರಿತು, ಮಾತು ಕಡಿಮೆಯಾಯಿತು. ನಿವೃತ್ತಿಯ ನಂತರ ಅವರಿಗೆ ಇದ್ದ ಒಂದೇ ಸಂತೋಷವಾದ ಬೆಳಗಿನ ವಾಯುವಿಹಾರವನ್ನೂ ನಿಲ್ಲಿಸಿದರು, ಹಿಂತಿರುಗುವಷ್ಟರಲ್ಲಿ ಏನಾಗಿರುತ್ತದೋ ಎಂದು. ತಾವು ಏನು ಮಾತನಾಡಿದರೂ ತಪ್ಪಾಗುತ್ತದೆ ಎಂದು ಅಪ್ಪ ಸುಮ್ಮನಿದ್ದರೆ, ಆ ಮೌನವನ್ನೇ ತಂಗಿ ತಿರಸ್ಕಾರವೆಂದು ತಿಳಿಯುತ್ತಿದ್ದಳು.

ಅವಳ ಪಾಲಿಗೆ ನಮ್ಮಲ್ಲಿ ಯಾವಾಗಲೂ ಒಬ್ಬರು ಒಳ್ಳೆಯವರು, ಒಬ್ಬರು ಕೆಟ್ಟವರು. ಈ ಪಾತ್ರಗಳು ವಾರಕ್ಕೊಮ್ಮೆ, ಕೆಲವೊಮ್ಮೆ ದಿನಕ್ಕೊಮ್ಮೆ ಅದಲುಬದಲಾಗುತ್ತಿದ್ದವು. ಅಮ್ಮನ ಬಗ್ಗೆ ನನ್ನ ಬಳಿ, ನನ್ನ ಬಗ್ಗೆ ಅಮ್ಮನ ಬಳಿ ಅವಳು ಹೇಳುತ್ತಿದ್ದುದು ಸುಳ್ಳಾಗಿರುತ್ತಿರಲಿಲ್ಲ; ಆ ಹೊತ್ತಿನಲ್ಲಿ ಅವಳಿಗೆ ಅದು ಪೂರ್ತಿ ನಿಜ. ಆದರೆ ಅದರ ಫಲವಾಗಿ ನಾನೂ ಅಮ್ಮನೂ ಒಬ್ಬರನ್ನೊಬ್ಬರು ಅನುಮಾನಿಸತೊಡಗಿದೆವು. ನಾನು ಕಠಿಣಳು ಎಂದು ಅಮ್ಮ, ಅಮ್ಮ ಸಡಿಲ ಬಿಡುತ್ತಾರೆ ಎಂದು ನಾನು. ಅಪ್ಪನಿಗೆ ಇಬ್ಬರ ಮೇಲೂ ಬೇಸರ. ಒಬ್ಬರ ಕಾಯಿಲೆ ಇಡೀ ಮನೆಯ ನಂಬಿಕೆಯನ್ನು ಸಡಿಲಿಸಿದ್ದು ಹೀಗೆ.

ನನ್ನ ಮನೆಯ ಭಾರ ಬೇರೆ ರೀತಿಯದು. ಫೋನು ತರಗತಿಯ ನಡುವೆ ಬರುತ್ತಿತ್ತು, ಮಗಳನ್ನು ಶಾಲೆಗೆ ಹೊರಡಿಸುವಾಗ ಬರುತ್ತಿತ್ತು, ರಾತ್ರಿ ಎರಡು ಗಂಟೆಗೆ ಬರುತ್ತಿತ್ತು. ಎತ್ತದಿದ್ದರೆ ಒಂದರ ಹಿಂದೊಂದು ಬರುತ್ತಲೇ ಇರುತ್ತಿತ್ತು, ಎತ್ತಿದರೆ ಗಂಟೆಗಟ್ಟಲೆ ನಡೆಯುತ್ತಿತ್ತು. "ಅಕ್ಕಾ, ನೀನೂ ನನ್ನ ಬಿಟ್ಟುಬಿಡ್ತೀಯ ಅಲ್ವಾ?" ಎಂದು ಶುರುವಾಗಿ, ಇಲ್ಲವೆಂದು ಎಷ್ಟು ಬಾರಿ ಹೇಳಿದರೂ ಸಾಲದೆ, ಕೊನೆಗೆ ನಾನು ದಣಿದ ದನಿಯಲ್ಲಿ ಏನೋ ಒಂದು ಮಾತನ್ನಾಡಿದಾಗ "ನೋಡು, ನನಗೆ ಮೊದಲೇ ಗೊತ್ತಿತ್ತು" ಎಂದು ಮುಗಿಯುತ್ತಿತ್ತು. ಅವಳು ಹೆದರಿದ್ದೇ ಆ ಹೆದರಿಕೆಯಿಂದಾಗಿ ನಡೆದುಹೋಗುತ್ತಿತ್ತು. ನನ್ನ ಗಂಡ ಎಂದೂ ಆಕ್ಷೇಪಿಸಲಿಲ್ಲ, ಆದರೆ ನಾವಿಬ್ಬರೂ ಬೇರೆ ವಿಷಯ ಮಾತನಾಡುವುದೇ ನಿಂತುಹೋಗಿತ್ತು. ಫೋನು ಸದ್ದು ಮಾಡಿದ ಕೂಡಲೇ ಮಗಳು ಪುಸ್ತಕ ಎತ್ತಿಕೊಂಡು ಬೇರೆ ಕೋಣೆಗೆ ಹೋಗುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು.

ಹೃದಯದ ಶಸ್ತ್ರಚಿಕಿತ್ಸೆಯಾದರೆ ನೆರೆಹೊರೆಯವರು ಊಟ ತಂದುಕೊಡುತ್ತಾರೆ, ನೆಂಟರು ಬಂದು ಒಂದು ರಾತ್ರಿ ಇದ್ದು ಹೋಗುತ್ತಾರೆ. ಈ ಕಾಯಿಲೆಗೆ ಹಾಗೆ ಯಾರೂ ಬರುವುದಿಲ್ಲ, ಏಕೆಂದರೆ ನಾವು ಯಾರಿಗೂ ಹೇಳಿರುವುದಿಲ್ಲ. ಮದುವೆ, ಗೃಹಪ್ರವೇಶಗಳಿಗೆ ಅಮ್ಮ ಅಪ್ಪ ಇಬ್ಬರೂ ಒಟ್ಟಿಗೆ ಹೋಗುವುದು ನಿಂತಿತು. ಆಮೇಲಾಮೇಲೆ ಒಬ್ಬರು ಹೋಗುವುದೂ ನಿಂತಿತು. ಖರ್ಚಿನ ಮಾತೂ ಇದೆ. 2017ರ ಕಾಯ್ದೆಯ 21ನೆಯ ಸೆಕ್ಷನ್, ದೇಹದ ಕಾಯಿಲೆಗಳಿಗೆ ಇರುವಂತೆಯೇ ಮನಸ್ಸಿನ ಕಾಯಿಲೆಗಳಿಗೂ ವಿಮೆಯ ಸೌಲಭ್ಯ ಇರಬೇಕೆಂದು ಹೇಳುತ್ತದೆ. ಅದರಿಂದ ಆಸ್ಪತ್ರೆಗೆ ಸೇರಿಸಿದಾಗಿನ ಖರ್ಚಿನ ಒಂದು ಭಾಗ ನಮಗೆ ಸಿಕ್ಕಿತು. ಪ್ರತಿ ವಾರದ ಥೆರಪಿಯ ಹಣ ಮಾತ್ರ ನಮ್ಮ ಕೈಯಿಂದಲೇ ಹೋಗುತ್ತದೆ. ಅಪ್ಪನ ಪಿಂಚಣಿ, ನನ್ನ ಸಂಬಳ ಎರಡೂ ಸೇರಿ ಅದನ್ನು ನಿಭಾಯಿಸಿದವು. ಅಷ್ಟೂ ಇಲ್ಲದ ಮನೆಗಳು ಏನು ಮಾಡಬೇಕೆಂದು ನಾನು ಎಷ್ಟೋ ಬಾರಿ ಯೋಚಿಸಿದ್ದೇನೆ.

ಇಷ್ಟೆಲ್ಲ ಬರೆಯುವಾಗ ಒಂದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ನಾವು ಪಟ್ಟ ಕಷ್ಟ ಅವಳು ಪಟ್ಟದ್ದರ ನೆರಳು ಮಾತ್ರ. ಅವಳು ನಮ್ಮನ್ನು ಆಡಿಸುತ್ತಿದ್ದಾಳೆ ಎಂದು ಹೇಳುವವರನ್ನು ನಾನು ಈಗ ಕಟುವಾಗಿಯೇ ತಡೆಯುತ್ತೇನೆ.

ಡಿಬಿಟಿ ಚಿಕಿತ್ಸೆ ನಮಗೆ ಸಿಕ್ಕಿದ್ದು ಬೆಂಗಳೂರಿನ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರಿಂದ, ಬಹುಪಾಲು ವಿಡಿಯೋ ಕರೆಯಲ್ಲಿ. ಲೈನ್‌ಹನ್ ಈ ಚಿಕಿತ್ಸೆಯ ಮೊದಲ ನಿಯಂತ್ರಿತ ಅಧ್ಯಯನವನ್ನು 1991ರಲ್ಲಿ ಪ್ರಕಟಿಸಿದರು. ತಾವೂ ಹದಿಹರೆಯದಲ್ಲಿ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಯಾಗಿದ್ದುದನ್ನು 2011ರಲ್ಲಿ ಅವರು ಬಹಿರಂಗವಾಗಿ ಹೇಳಿದರೆಂಬುದು ತಂಗಿಗೆ ಬಹಳ ಮುಖ್ಯವಾಯಿತು. ಆ ಹಾದಿಯಲ್ಲಿ ನಡೆದು ಹೊರಬಂದವರೇ ಹಾದಿ ತೋರಿಸುತ್ತಿದ್ದಾರೆ ಎಂಬ ಧೈರ್ಯ ಅದರಿಂದ ಬಂದಿತು. ವಾರಕ್ಕೊಂದು ವೈಯಕ್ತಿಕ ಸೆಷನ್, ಅದರ ಜೊತೆಗೆ ನಾಲ್ಕು ಬಗೆಯ ಕೌಶಲಗಳ ತರಗತಿ: ಈ ಕ್ಷಣದಲ್ಲಿ ಏನಾಗುತ್ತಿದೆಯೆಂದು ಗಮನಿಸುವುದು, ಸಂಕಟದ ಹೊತ್ತನ್ನು ಇನ್ನಷ್ಟು ಕೆಡಿಸಿಕೊಳ್ಳದೆ ದಾಟುವುದು, ಭಾವನೆಗಳನ್ನು ಹತೋಟಿಗೆ ತಂದುಕೊಳ್ಳುವುದು, ಸಂಬಂಧ ಮುರಿಯದಂತೆ ಬೇಕಾದ್ದನ್ನು ಕೇಳುವುದು. ಅವಳಿಗೆ ನಿತ್ಯವೂ ತುಂಬಿಸಬೇಕಾದ ಒಂದು ಹಾಳೆ ಇತ್ತು, ಆ ದಿನ ಯಾವ ಭಾವ ಎಷ್ಟಿತ್ತು, ನೋಯಿಸಿಕೊಳ್ಳಬೇಕೆನಿಸಿತೇ, ಏನು ಮಾಡಿದೆ ಎಂದು. ಮೊದಮೊದಲು ಅದನ್ನು ಹರಿದು ಎಸೆಯುತ್ತಿದ್ದಳು.

ಅವಳ ಚಿಕಿತ್ಸೆ ಶುರುವಾದ ಕೆಲವು ತಿಂಗಳಿಗೆ ಆ ಸೈಕಾಲಜಿಸ್ಟ್ ನಮ್ಮನ್ನೂ ಕೂರಿಸಿದರು. ಕಾಯಿಲೆಯವರ ಮನೆಯವರಿಗಾಗಿಯೇ ಪೆರಿ ಹಾಫ್‌ಮನ್ ಮತ್ತು ಆಲನ್ ಫ್ರುಜೆಟ್ಟಿ ಅಮೆರಿಕದಲ್ಲಿ ರೂಪಿಸಿದ, ಫ್ಯಾಮಿಲಿ ಕನೆಕ್ಷನ್ಸ್ ಎಂಬ ಹನ್ನೆರಡು ವಾರಗಳ ಪಾಠಕ್ರಮವಿದೆ. ತರಬೇತಿ ಪಡೆದ ಮನೆಯವರೇ ಬೇರೆ ಮನೆಯವರಿಗೆ ಅದನ್ನು ಕಲಿಸುತ್ತಾರೆ. ನಮಗೆ ಅದರ ಮಾದರಿಯಲ್ಲಿ, ಕನ್ನಡದಲ್ಲಿ, ನಮ್ಮ ಮನೆಗೆ ಹೊಂದುವಂತೆ ಅವರು ಹೇಳಿಕೊಟ್ಟರು. ಎರಡು ವಿಷಯಗಳು ನಮ್ಮ ಮನೆಯನ್ನು ಬದಲಿಸಿದವು.

ಮೊದಲನೆಯದು, ಅವಳ ಮಾತಿನೊಳಗಿನ ಸಂಗತಿಯನ್ನೂ ನೋವನ್ನೂ ಬೇರ್ಪಡಿಸುವುದು. "ನಿಮಗೆಲ್ಲ ನಾನು ಭಾರ, ಅದಕ್ಕೇ ನನ್ನ ಬಿಟ್ಟು ಊಟ ಮಾಡಿದ್ರಿ" ಎಂದು ಅವಳು ಹೇಳಿದಾಗ, "ಇಲ್ಲಮ್ಮ, ಎರಡು ಸಲ ಕರೆದೆವಲ್ಲ" ಎನ್ನುವುದು ಯಾರಿಗಾದರೂ ಸಹಜವಾಗಿ ಬರುವ ಉತ್ತರ. ಅದು ನಿಜವೂ ಹೌದು. ಆದರೆ ಆ ಹೊತ್ತಿನಲ್ಲಿ ಅವಳಿಗೆ ಕೇಳಿಸುವುದು ನಿನ್ನ ನೋವು ಸುಳ್ಳು ಎಂದು. "ಒಬ್ಬಳೇ ಕೂತು ತಿನ್ನೋದು ನಿನಗೆ ತುಂಬಾ ಬೇಜಾರಾಯ್ತು ಅಲ್ವಾ" ಎಂದರೆ, ಆಪಾದನೆಯನ್ನು ಒಪ್ಪದೆಯೂ ನೋವನ್ನು ಒಪ್ಪಿದಂತಾಗುತ್ತದೆ. ಸಂಗತಿಯ ಚರ್ಚೆ ಮನಸ್ಸು ತಿಳಿಯಾದ ಮೇಲೆ, ಮರುದಿನವಾದರೂ ಆಗಬಹುದು. ಇದನ್ನು ಕಲಿಯಲು ಅಪ್ಪನಿಗೆ ಬಹಳ ಕಾಲ ಹಿಡಿಯಿತು. ಕಲಿತ ಮೇಲೆ ನಮ್ಮೆಲ್ಲರಿಗಿಂತ ಚೆನ್ನಾಗಿ ಮಾಡಿದವರೂ ಅವರೇ, ಏಕೆಂದರೆ ಅವರು ಕಡಿಮೆ ಮಾತನಾಡುತ್ತಾರೆ.

ಎರಡನೆಯದು ನಮ್ಮ ಮನೆಗಳಿಗೆ ತೀರ ಕಷ್ಟವಾದದ್ದು: ಸಿಗುವ ಹೊತ್ತನ್ನು ಗೊತ್ತುಮಾಡುವುದು. ಪ್ರತಿದಿನ ರಾತ್ರಿ ಎಂಟು ಗಂಟೆಗೆ ನಾನೇ ಫೋನು ಮಾಡುವುದು, ಅರ್ಧ ಗಂಟೆ ಮಾತನಾಡುವುದು. ಪ್ರಾಣಕ್ಕೆ ಅಪಾಯವಿರುವಾಗ ಯಾವ ಹೊತ್ತಿನಲ್ಲಾದರೂ ಸರಿ. ಉಳಿದ ಹೊತ್ತಿನಲ್ಲಿ ಅವಳು ಸಂದೇಶ ಬರೆಯಬಹುದು, ಉತ್ತರ ಎಂಟಕ್ಕೆ. ಇದನ್ನು ಕೇಳಿ ಅಮ್ಮನ ಕಣ್ಣಲ್ಲಿ ನೀರು ಬಂದಿತು. "ಒಡಹುಟ್ಟಿದವಳ ಹತ್ರ ಮಾತಾಡೋದಕ್ಕೂ ಟೈಮ್ ಇಡ್ತಾರೇನೇ?" ಎಂದರು. ನಮ್ಮಲ್ಲಿ ಮಮತೆಯೆಂದರೆ ಲೆಕ್ಕವಿಡದಿರುವುದು, ಅದಕ್ಕೆ ಹೊತ್ತುಗೊತ್ತು ಇಡುವುದೆಂದರೆ ದೂರವಿಡುವುದು. ಸೈಕಾಲಜಿಸ್ಟ್ ತಾಳ್ಮೆಯಿಂದ ವಿವರಿಸಿದರು: ಯಾವ ಹೊತ್ತಿನಲ್ಲಾದರೂ ಎತ್ತುತ್ತೇನೆ ಎನ್ನುವ ಅಕ್ಕ ಒಂದು ದಿನ ದಣಿದು ಎತ್ತುವುದಿಲ್ಲ, ಆ ಒಂದು ದಿನ ಅವಳ ಭಯವನ್ನು ನಿಜಮಾಡುತ್ತದೆ, ಎಂಟಕ್ಕೆ ಮಾಡುತ್ತೇನೆ ಎಂದ ಅಕ್ಕ ಪ್ರತಿದಿನ ಎಂಟಕ್ಕೆ ಮಾಡಿದರೆ, ಅಕ್ಕ ಹೇಳಿದಂತೆ ಬರುತ್ತಾಳೆ ಎಂಬುದು ಅವಳಿಗೆ ದಿನದಿನವೂ ರುಜುವಾತಾಗುತ್ತದೆ.

ಮೊದಲಿಗೆ ಇನ್ನಷ್ಟು ಹದಗೆಡುತ್ತದೆ ಎಂದು ಅವರು ಎಚ್ಚರಿಸಿದ್ದರು, ಹಾಗೆಯೇ ಆಯಿತು. ಆರಂಭದ ವಾರಗಳಲ್ಲಿ ಫೋನುಗಳು ದುಪ್ಪಟ್ಟಾದವು, ಸಂದೇಶಗಳಲ್ಲಿ ಬೈಗುಳ ಬಂದವು. ಹಲವು ಸಂಜೆ ನಾನು ಎಂಟಕ್ಕೆ ಫೋನು ಮಾಡಿದಾಗ ಅವಳೇ ಎತ್ತಲಿಲ್ಲ. ಆಗ "ನಾಳೆ ಎಂಟಕ್ಕೆ ಮತ್ತೆ ಮಾಡ್ತೀನಿ" ಎಂದು ಬರೆದು ನಿಲ್ಲಿಸಬೇಕಿತ್ತು, ಅದು ಎತ್ತುವುದಕ್ಕಿಂತ ಕಷ್ಟವಾಗಿತ್ತು. ಆ ಕಾಲದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು, ಅಮ್ಮ, ಅಪ್ಪ, ನಾನು, ನನ್ನ ಗಂಡ ನಾಲ್ವರೂ ಒಂದೇ ಮಾತಿಗೆ ಬದ್ಧರಾಗಿದ್ದುದು. ಮೆಲ್ಲಗೆ ಅವಳು ದಿನದಲ್ಲಿ ಆದದ್ದನ್ನು ಎಂಟಕ್ಕೆಂದು ಬರೆದಿಟ್ಟುಕೊಳ್ಳತೊಡಗಿದಳು. ಎಷ್ಟೋ ಸಲ ಎಂಟಾಗುವಷ್ಟರಲ್ಲಿ "ಬೆಳಿಗ್ಗೆ ತುಂಬಾ ಕೋಪ ಬಂದಿತ್ತು, ಈಗ ಅಷ್ಟಿಲ್ಲ" ಎನ್ನುತ್ತಿದ್ದಳು. ಕೋಪ ತಾನಾಗಿಯೇ ಇಳಿಯುತ್ತದೆ ಎಂಬುದನ್ನು ಅವಳು ಹೀಗೆ ಸ್ವತಃ ಕಂಡುಕೊಂಡಳು. ಎಲ್ಲೆಯಿಲ್ಲದ ಸಹನೆಗಿಂತ ನೆಚ್ಚಬಹುದಾದ ಹಾಜರಿ ದೊಡ್ಡದೆಂದು ನಾನು ನಂಬಿದ್ದು ಆ ತಿಂಗಳುಗಳಲ್ಲಿ.

ಅಪಾಯದ ಹೊತ್ತಿಗೆಂದು ಅವಳೇ ಕೂತು ಬರೆದ ಒಂದು ಸುರಕ್ಷತಾ ಹಾಳೆ ಈಗ ಎರಡೂ ಮನೆಗಳಲ್ಲಿದೆ. ಅಪಾಯ ಹತ್ತಿರವಾಗುತ್ತಿರುವ ಸೂಚನೆಗಳೇನು, ಆಗ ತಾನೊಬ್ಬಳೇ ಮಾಡಬಹುದಾದ್ದೇನು, ಯಾರೊಡನೆ ಇರಬೇಕು, ಯಾರಿಗೆ ಹೇಳಬೇಕು, ಯಾವ ವೈದ್ಯರಿಗೆ ಫೋನು ಮಾಡಬೇಕು, ಮನೆಯಿಂದ ಏನನ್ನು ದೂರವಿಡಬೇಕು ಎಂಬುದು ಅದರಲ್ಲಿ ಕ್ರಮವಾಗಿದೆ. ಮಾತ್ರೆಗಳು ಅಪ್ಪನ ಬೀರುವಿನಲ್ಲಿರುತ್ತವೆ, ಒಂದು ವಾರದ್ದು ಮಾತ್ರ ಹೊರಗೆ. ಆ ಹಾಳೆಯ ಕೊನೆಯಲ್ಲಿ 14416 ಎಂಬ ಸಂಖ್ಯೆ ಇದೆ. ಅದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಹಣವಿಲ್ಲದೆ ಕನ್ನಡದಲ್ಲಿ ಮಾತನಾಡಬಹುದು. ನಮ್ಮ ಮನೆಯಿಂದ ಆ ಸಂಖ್ಯೆಗೆ ಮೊದಲು ಫೋನು ಮಾಡಿದವರು ಅಮ್ಮ, ತಮಗಾಗಿಯೇ. ತಂಗಿ ನಿದ್ದೆ ಹೋದ ಒಂದು ರಾತ್ರಿ ಅಡುಗೆಮನೆಯಿಂದ ಮಾತನಾಡಿದರಂತೆ. ನೋಡಿಕೊಳ್ಳುವವರೂ ಕರೆ ಮಾಡಬಹುದೆಂದು ಬಹಳ ಮಂದಿಗೆ ತಿಳಿದಿಲ್ಲ, ಅದಕ್ಕಾಗಿ ಬರೆಯುತ್ತಿದ್ದೇನೆ.

ಅಮ್ಮ ಈಗ ತಮ್ಮ ಕೋಣೆಯಲ್ಲಿ ಮಲಗುತ್ತಾರೆ, ವಾರಕ್ಕೊಮ್ಮೆ ಭಜನಾ ಮಂಡಳಿಗೆ ಹೋಗುತ್ತಾರೆ. ಅವರು ಇಲ್ಲದ ಆ ಎರಡು ಗಂಟೆ ಅಪ್ಪ ಮನೆಯಲ್ಲಿರುತ್ತಾರೆ. ಅಪ್ಪ ವಾಯುವಿಹಾರಕ್ಕೆ ಹೋದಾಗ ಅಮ್ಮ. ನಾನೂ ಕೆಲಕಾಲ ಬೇರೆ ಆಪ್ತಸಮಾಲೋಚಕರನ್ನು ಕಂಡೆ. ಅಲ್ಲಿ ತಂಗಿಯ ವಿಷಯ ಬಿಟ್ಟು ಮಾತನಾಡಲು ನನಗೆ ಮಾತೇ ಸಿಗದೆ ಸುಮ್ಮನೆ ಕುಳಿತ ದಿನ ನನ್ನ ಸ್ಥಿತಿ ನನಗೇ ಅರ್ಥವಾಯಿತು.

ಎಲ್ಲವೂ ಸರಿಹೋಯಿತೆಂದು ಯಾರೂ ತಿಳಿಯಬಾರದು. ಕೆಲಸದ ಸಂದರ್ಶನವೊಂದರ ನಂತರ ಅವಳ ಸ್ಥಿತಿ ಮತ್ತೆ ಹದಗೆಟ್ಟು ಎರಡನೆಯ ಬಾರಿ ಆಸ್ಪತ್ರೆಗೆ ಸೇರಬೇಕಾಯಿತು. ಆದರೆ ಈ ಸಲ ಪ್ರಾಣಕ್ಕೆ ಅಪಾಯ ಮಾಡಿಕೊಳ್ಳುವ ಮೊದಲೇ ಹಾಳೆಯಲ್ಲಿದ್ದಂತೆ ಅಪ್ಪನ ಬಳಿ ಹೋಗಿ ಹೇಳಿದಳು, ಕಾಯ್ದೆಯ 86ನೆಯ ಸೆಕ್ಷನ್ನಿನ ಪ್ರಕಾರ ತನ್ನದೇ ಸಹಿಯಿಂದ ಸ್ವತಂತ್ರವಾಗಿ ದಾಖಲಾದಳು, ಬೇಗ ಮನೆಗೆ ಬಂದಳು. ಬಾಸ್ಟನ್ ಸಮೀಪದ ಮೆಕ್ಲೀನ್ ಆಸ್ಪತ್ರೆಯಲ್ಲಿ ಮೇರಿ ಝನಾರಿನಿಯವರ ತಂಡ ಬಿಪಿಡಿ ಇರುವ 290 ಮಂದಿಯನ್ನು ಹತ್ತು ವರ್ಷ ಹಿಂಬಾಲಿಸಿ ನೋಡಿದಾಗ, 93 ಶೇಕಡಾ ಮಂದಿಯಲ್ಲಿ ಕನಿಷ್ಠ ಎರಡು ವರ್ಷಗಳ ಕಾಲ ಕಾಯಿಲೆಯ ಲಕ್ಷಣಗಳು ಶಮನವಾಗಿದ್ದವು. ಆದರೆ ಅದರ ಜೊತೆಗೆ ಕೆಲಸ ಮತ್ತು ಒಳ್ಳೆಯ ಸಂಬಂಧಗಳೂ ಕೂಡಿದ ಪೂರ್ಣ ಚೇತರಿಕೆ ಕಂಡವರು ಅರ್ಧದಷ್ಟು ಮಂದಿ. ಮೊದಲ ಅಂಕಿಯನ್ನು ಅಮ್ಮ ಎಲ್ಲರಿಗೂ ಹೇಳುತ್ತಾರೆ. ತಂಗಿ ಎರಡನೆಯದನ್ನು ನೆನಪಿಟ್ಟುಕೊಂಡಿದ್ದಾಳೆ; ಅವಳಿಗೆ ಕೆಲಸ ಬೇಕು, ಗೆಳೆಯರು ಬೇಕು, ಬರೀ ಲಕ್ಷಣಗಳು ಇಲ್ಲದಿರುವುದು ಸಾಲದು.

ಮನೆಯವರಿಗೆ ಕಲಿಸುವುದನ್ನು ಚಿಕಿತ್ಸೆಯ ಭಾಗವೆಂದೇ ಆಸ್ಪತ್ರೆಗಳು ಪರಿಗಣಿಸಬೇಕು ಎಂಬುದು ನನ್ನ ಬಲವಾದ ಒತ್ತಾಯ. ಅಟೆಂಡರ್ ಪಾಸು ಕೊಡುವ ದಿನವೇ ಒಂದು ಗಂಟೆ ಕೂರಿಸಿ, ಏನು ಹೇಳಬೇಕು, ಏನು ಹೇಳಬಾರದು, ನೀವು ಯಾವಾಗ ವಿಶ್ರಾಂತಿ ತೆಗೆದುಕೊಳ್ಳಬೇಕು ಎಂದು ಹೇಳಿದರೂ ಎಷ್ಟೋ ಮನೆಗಳು ಉಳಿಯುತ್ತವೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಿಬ್ಬಂದಿ ಇರುವ ಕಡೆ ಇದು ಆಗದ ಕೆಲಸವಲ್ಲ.

ಕಳೆದ ತಿಂಗಳು ತಂಗಿ ಇನ್ನೊಂದು ಕಾಗದವನ್ನು ಸಿದ್ಧಮಾಡಿದಳು. ತನಗೆ ನಿರ್ಧಾರ ತೆಗೆದುಕೊಳ್ಳಲಾಗದ ಸ್ಥಿತಿ ಬಂದರೆ ತನ್ನ ಪರವಾಗಿ ಯಾರು ನಿಲ್ಲಬೇಕೆಂದು ವಯಸ್ಕರು ಮುಂಚಿತವಾಗಿಯೇ ಹೆಸರಿಸಬಹುದು ಎನ್ನುತ್ತದೆ ಕಾಯ್ದೆಯ 14ನೆಯ ಸೆಕ್ಷನ್. ಬಿಳಿಹಾಳೆಯ ಮೇಲೆ ಬರೆದು ಸಹಿ ಹಾಕಿದರೆ ಸಾಕು, ಬೇಕೆಂದಾಗ ಬದಲಿಸಲೂಬಹುದು. ಅಮ್ಮನ ಹೆಸರನ್ನೋ ನನ್ನ ಹೆಸರನ್ನೋ ಬರೆಯುತ್ತಾಳೆಂದು ನಾವು ತಿಳಿದಿದ್ದೆವು. ಅವಳು ನನ್ನ ಗಂಡನ ಹೆಸರು ಬರೆದಿದ್ದಳು. "ಆಸ್ಪತ್ರೆ, ಸಹಿ ಎಲ್ಲ ಭಾವ ನೋಡ್ಕೊಳ್ಳಲಿ ಅಕ್ಕ, ಅವರಿಗೆ ಗಾಬರಿ ಆಗಲ್ಲ. ನೀನು ಎಂಟಕ್ಕೆ ಫೋನ್ ಮಾಡು" ಎಂದಳು. ನನ್ನ ಗಂಡ ಒಪ್ಪಿಗೆ ಬರೆದುಕೊಟ್ಟಿದ್ದಾರೆ. ಅದರ ಒಂದು ಪ್ರತಿ ವೈದ್ಯರ ಕಡತದಲ್ಲಿದೆ, ಇನ್ನೊಂದು ಅಪ್ಪನ ಬೀರುವಿನಲ್ಲಿ.